ಕರೆ ಸರಿಯಾಗಿ 32ನೇ ಸೆಕೆಂಡಿಗೆ ಕಟ್ ಆಗುತ್ತಾ? ಕಳೆದುಹೋದ ಸಿಪ್ ಸಂದೇಶ ಹುಡುಕುವ ಬಗೆ

ಒಂದು ಟ್ರಾವೆಲ್ಸ್ ಆಫೀಸು. ಆರು ಡೆಸ್ಕ್ ಫೋನು, ಕ್ಲೌಡ್‌ನಲ್ಲಿ ಕರೆ ಜೋಡಿಸಿಕೊಡುವ ಒಂದು ಆಸ್ಟರಿಸ್ಕ್ ಸರ್ವರ್. ಇವು ತಮ್ಮಲ್ಲಿ ಮಾತಾಡಿಕೊಳ್ಳುವುದು ಸಿಪ್ ಎಂಬ ಭಾಷೆಯಲ್ಲಿ. ಹೊರಗೆ ಹೋಗುವ ಕರೆಗಳೆಲ್ಲ ಚೆನ್ನಾಗಿವೆ. ಒಳಗೆ ಬರುವ ಕರೆ ಮಾತ್ರ ಅರ್ಧ ನಿಮಿಷಕ್ಕೆ ಪಟ್ ಅಂತ ಕಟ್. "ಸಾರ್, ಗಿರಾಕಿ ಊರಿನ ಹೆಸರು ಹೇಳಿ ತಾರೀಖು ಹೇಳೋ ಅಷ್ಟರಲ್ಲಿ ಲೈನ್ ಹೋಗಿರುತ್ತೆ" ಎಂದು ಬುಕಿಂಗ್ ನೋಡಿಕೊಳ್ಳುವವರ ದೂರು. ಇಂಟರ್ನೆಟ್ ಕೊಡುವವರಿಗೆ ಆಗಲೇ ಮೂರು ಸಲ ಬೈದಾಗಿತ್ತು. ರೂಟರ್ ಕೂಡ ಹೊಸದು ಬಂದಿತ್ತು.

ನಾನು ಮಾಡಿದ ಮೊದಲ ಕೆಲಸ ಎಂದರೆ ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಹಿಡಿದು ಕೂತದ್ದು. ಐದು ಕರೆ ಮಾಡಿಸಿದೆ. ಐದೂ 32 ಸೆಕೆಂಡಿಗೇ ಕಟ್. ಇಂಟರ್ನೆಟ್ ಕೆಟ್ಟಿದ್ದರೆ ಒಂದು 20ಕ್ಕೆ, ಇನ್ನೊಂದು 50ಕ್ಕೆ ಹೋಗಬೇಕಿತ್ತು ಅಲ್ವಾ? ಇಷ್ಟು ಕರಾರುವಾಕ್ಕಾಗಿ ಕಟ್ ಆಗಬೇಕಾದರೆ ಎಲ್ಲೋ ಒಂದು ಪ್ರೋಗ್ರಾಂ ಗಡಿಯಾರ ನೋಡುತ್ತಾ ಕೂತಿದೆ ಎಂದೇ ಅರ್ಥ.

ಹಿಂದಿನ ವಾರ ಅಲ್ಲಿ ಒಂದೇ ಒಂದು ಬದಲಾವಣೆ ಆಗಿತ್ತು. ಯುಡಿಪಿಯಲ್ಲಿ (ಕಳಿಸಿ ಮರೆತುಬಿಡುವ ಸಾಗಣೆ) ಸಂದೇಶ ಕಳೆದುಹೋಗುತ್ತೆ, ಟಿಸಿಪಿ (ತಲುಪಿತೇ ಎಂದು ನೋಡಿ ಬೇಕಾದರೆ ಮತ್ತೆ ಕಳಿಸುವ ಸಾಗಣೆ) ಭದ್ರ ಎಂದು ಯಾರೋ ಹೇಳಿದ್ದರು. ಆರೂ ಫೋನುಗಳನ್ನು ಟಿಸಿಪಿಗೆ ಬದಲಾಯಿಸಿದ್ದರು. ಸಂದೇಶ ಕಳೆದುಹೋಗಲು ಶುರುವಾದದ್ದೇ ಆಮೇಲೆ.

ಇಂಥ ತೊಂದರೆ ಹುಡುಕುವಾಗ ನಾನು ಹಿಡಿಯುವ ದಾರಿಯನ್ನು ಇಲ್ಲಿ ಬರೆದಿದ್ದೇನೆ. ಸಣ್ಣದೋ ದೊಡ್ಡದೋ, ಸಿಪ್ ಮೇಲೆ ಓಡುವ ಒಂದು ಫೋನ್ ವ್ಯವಸ್ಥೆ ನಿಮ್ಮ ಕೈಯಲ್ಲಿದ್ದರೆ ಸಾಕು, ಪ್ರತಿ ಹೆಜ್ಜೆಯನ್ನೂ ಅದರ ಮೇಲೇ ಮಾಡಿ ನೋಡಬಹುದು.

ಶುರು ಮಾಡುವ ಮುಂಚೆ: ಮತ್ತೆ ಹೇಳುವ ಜವಾಬ್ದಾರಿ ಯಾರದ್ದು?

ಕರೆ ಹಚ್ಚುವುದು, ರಿಂಗ್ ಆಗುತ್ತಿದೆ ಎಂದು ತಿಳಿಸುವುದು, ಎತ್ತಿದರು, ಇಟ್ಟರು ಎನ್ನುವುದು, ಇಷ್ಟೇ ಸಿಪ್‌ನ ಕೆಲಸ. ನಾವು ಆಡುವ ಮಾತು ಆರ್‌ಟಿಪಿ ಎಂಬ ಬೇರೆ ದಾರಿಯಲ್ಲಿ ಹೋಗುತ್ತದೆ. ಅದಕ್ಕೇ ಆ ಆಫೀಸಿನಲ್ಲಿ 32 ಸೆಕೆಂಡು ಮಾತು ಚೊಕ್ಕವಾಗಿ ಕೇಳುತ್ತಿತ್ತು. ಈಗ ಬಳಕೆಯಲ್ಲಿರುವ ಸಿಪ್‌ನ ಮೂಲ ನಿಯಮ 2002ರ ಜೂನ್‌ನಲ್ಲಿ ಬಂದ ಆರ್‌ಎಫ್‌ಸಿ 3261 (ಆರ್‌ಎಫ್‌ಸಿ ಎಂದರೆ ಇಂಟರ್ನೆಟ್ ನಿಯಮಗಳನ್ನು ಬರೆದಿಡುವ ದಾಖಲೆ). ಇದೇನೋ ಆಫೀಸ್ ಫೋನಿನವರ ಹಳೇ ಸಾಮಾನು ಅಂದುಕೊಳ್ಳಬೇಡಿ. ನಿಮ್ಮ ಕೈಲಿರುವ 4ಜಿ ಮೊಬೈಲ್‌ನ ವೋಲ್ಟೆ ಕರೆಯೂ ಸಿಪ್ಪಿನ ಮೇಲೇ ನಡೆಯುತ್ತದೆ.

ಒಂದು ಕರೆಯ ಸಂದೇಶ ಸಾಮಾನ್ಯವಾಗಿ ಎರಡು ಮೂರು ಹಾಪ್ ದಾಟುತ್ತದೆ. ಹಾಪ್ ಎಂದರೆ ಒಂದು ಯಂತ್ರದಿಂದ ಪಕ್ಕದ ಯಂತ್ರಕ್ಕೆ ಒಂದು ಜಿಗಿತ. ಫೋನಿನಿಂದ ಪ್ರಾಕ್ಸಿಗೆ (ಸಂದೇಶವನ್ನು ಮುಂದಕ್ಕೆ ದಾಟಿಸುವ ನಡುವಿನ ಸರ್ವರ್), ಪ್ರಾಕ್ಸಿಯಿಂದ ಇನ್ನೊಂದು ಸರ್ವರ್‌ಗೆ, ಅಲ್ಲಿಂದ ಆ ಕಡೆಯ ಫೋನಿಗೆ. ಪ್ರತಿ ಹಾಪ್‌ಗೂ ಬೇರೆ ಬೇರೆ ಸಾಗಣೆ ಇರಬಹುದು. ಮೊದಲನೆಯದು ಟಿಎಲ್‌ಎಸ್ (ಹೊರಗಿನವರು ಓದದಂತೆ ಬೀಗ ಹಾಕಿದ ಟಿಸಿಪಿ), ಎರಡನೆಯದು ಯುಡಿಪಿ, ಮೂರನೆಯದು ಟಿಸಿಪಿ. ಟಿಸಿಪಿ ಭದ್ರ ಎನ್ನುವುದು ಸುಳ್ಳಲ್ಲ, ಆದರೆ ಆ ಭದ್ರತೆ ಅದರ ಒಂದು ಹಾಪ್‌ಗೆ ಮಾತ್ರ. ಮುಂದಿನ ಹಾಪ್‌ನಲ್ಲಿ ಏನಾಯಿತು ಎಂದು ಅದಕ್ಕೆ ಗೊತ್ತಿರುವುದಿಲ್ಲ.

ಹಾಗಾಗಿ ಯಾವ ಸಂದೇಶ ನೋಡಿದರೂ ಮೊದಲು ಈ ಪ್ರಶ್ನೆ ಕೇಳಿಕೊಳ್ಳಿ: ಇದು ಕಳೆದುಹೋದರೆ ಮತ್ತೆ ಹೇಳಬೇಕಾದವರು ಯಾರು? ಪಕ್ಕದ ಹಾಪ್‌ನವರೋ, ತುದಿಯಲ್ಲಿರುವ ಫೋನೋ, ಅಥವಾ ಯಾರೂ ಇಲ್ಲವೋ? ಮೂರೂ ಬಗೆಯ ಸಂದೇಶ ಸಿಪ್‌ನಲ್ಲಿದೆ.

ಮೊದಲ ಹೆಜ್ಜೆ: ಎರಡೂ ಕಡೆ ಹಿಡಿದು ನೋಡಿ

ಸರ್ವರ್‌ನಲ್ಲಿ ಎಸ್‌ಎನ್‌ಗ್ರೆಪ್ ಓಡಿಸಿ. ಒಂದೊಂದು ಕರೆಯ ಸಂದೇಶಗಳನ್ನೂ ಏಣಿಯ ಹಾಗೆ ಬಿಡಿಸಿ ತೋರಿಸುತ್ತದೆ, ಹೊಸಬರಿಗೂ ಅರ್ಥವಾಗುತ್ತದೆ. ಅದು ಇಲ್ಲದಿದ್ದರೆ ಟಿಸಿಪಿಡಂಪ್‌ನಲ್ಲಿ ಹಿಡಿದು ವೈರ್‌ಶಾರ್ಕ್‌ನಲ್ಲಿ ತೆರೆಯಿರಿ. ಹಿಡಿಯುವಾಗ ಯುಡಿಪಿ 5060 (ಸಿಪ್‌ನ ಮಾಮೂಲಿ ಪೋರ್ಟ್ ನಂಬರ್) ಎಂದಷ್ಟೇ ಫಿಲ್ಟರ್ ಹಾಕಬೇಡಿ. ಟಿಸಿಪಿ 5060, ಟಿಎಲ್‌ಎಸ್‌ನ 5061 ಎಲ್ಲ ಸೇರಿಸಿ. ಕಳೆದುಹೋಯಿತು ಎಂದುಕೊಂಡ ಸಂದೇಶ ನೀವು ನೋಡದ ಸಾಗಣೆಯಲ್ಲಿ ಹೋಗಿರುವುದೇ ಜಾಸ್ತಿ. ಟಿಎಲ್‌ಎಸ್ ಒಳಗಿನ ಮಾತು ಹೊರಗಿನಿಂದ ಕಾಣುವುದಿಲ್ಲ, ಅದಕ್ಕೆ ಸರ್ವರ್‌ನ ಸ್ವಂತ ಸಿಪ್ ಲಾಗ್ ಆನ್ ಮಾಡಿಕೊಳ್ಳಬೇಕು.

ಆದಷ್ಟೂ ಫೋನಿನ ಕಡೆಯಿಂದಲೂ ಹಿಡಿಯಿರಿ. ಸುಮಾರು ಡೆಸ್ಕ್ ಫೋನುಗಳ ವೆಬ್ ಪುಟದಲ್ಲೇ ಪ್ಯಾಕೆಟ್ ಹಿಡಿಯುವ ಬಟನ್ ಇರುತ್ತದೆ. "ನಾನು ಕಳಿಸಿದೆ" ಎನ್ನುವುದಕ್ಕೂ "ನನಗೆ ಬಂತು" ಎನ್ನುವುದಕ್ಕೂ ನಡುವೆ ಇರುವ ಅಂತರವೇ ನಾವು ಹುಡುಕುತ್ತಿರುವುದು. ಒಂದೇ ಕಡೆ ನೋಡಿದರೆ ಅದು ಕಾಣದು.

ಸಿಕ್ಕಿದ ಸಂದೇಶದಲ್ಲಿ ಎಲ್ಲಕ್ಕಿಂತ ಮೇಲಿನ ವಯಾ ಸಾಲು (ಸಂದೇಶ ಯಾವ ದಾರಿಯಲ್ಲಿ ಬಂತು ಎಂಬ ಗುರುತು) ಓದಿ. ಈ ಹಾಪ್‌ನ ಸಾಗಣೆ ಯಾವುದು ಎಂದು ಅಲ್ಲಿ ಬರೆದಿರುತ್ತದೆ. ಅದರ ಪಕ್ಕದಲ್ಲೇ ಬ್ರಾಂಚ್ ಎಂಬ ಗುರುತಿನ ಸಂಕೇತ ಇರುತ್ತದೆ, ಯಾವಾಗಲೂ ಝಡ್-9-ಎಚ್-ಜಿ-4-ಬಿ-ಕೆ ಎಂಬ ಏಳು ಅಕ್ಷರಗಳಿಂದ ಶುರುವಾಗುವುದು. ಎರಡು ಇನ್ವೈಟ್ (ಕರೆ ಹಚ್ಚುವ ಸಂದೇಶ) ಬಂದು ಎರಡರ ಬ್ರಾಂಚೂ ಒಂದೇ ಆಗಿದ್ದರೆ ಎರಡನೆಯದು ಮೊದಲನೆಯದರ ಮರುಕಳಿಕೆ. ಬ್ರಾಂಚ್ ಬೇರೆಯಾಗಿದ್ದರೆ ಅದು ಹೊಸ ಪ್ರಯತ್ನ. ಈ ವ್ಯತ್ಯಾಸ ತಿಳಿಯದೆ ಲಾಗ್ ಓದಿದರೆ ಇಡೀ ಮಧ್ಯಾಹ್ನ ಹಾಳು. ನನ್ನದು ಹಾಳಾಗಿದೆ.

ಎರಡನೆಯದು: ಸಮಯದ ಕಾಲಂ ಓದಿ

ಯುಡಿಪಿಯಲ್ಲಿ ಮರುಕಳಿಸುವ ಕೆಲಸ ಸಿಪ್‌ನದೇ. ಅದರ ಲೆಕ್ಕವೆಲ್ಲ ಟಿ1 ಎಂಬ ಒಂದು ಸಂಖ್ಯೆಯ ಮೇಲೆ ನಿಂತಿದೆ. ಅದು ಮಾಮೂಲಾಗಿ ಅರ್ಧ ಸೆಕೆಂಡು. ಇನ್ವೈಟ್ ಕಳಿಸಿ ಅರ್ಧ ಸೆಕೆಂಡು ಕಾಯುವುದು. ಏನೂ ಬರಲಿಲ್ಲವೇ, ಮತ್ತೆ ಕಳಿಸಿ ಒಂದು ಸೆಕೆಂಡು ಕಾಯುವುದು. ಆಮೇಲೆ ಎರಡು, ನಾಲ್ಕು, ಎಂಟು, ಹೀಗೆ ಪ್ರತಿ ಸಲ ದುಪ್ಪಟ್ಟು. ಕ್ಯಾಪ್ಚರ್‌ನಲ್ಲಿ, ಅಂದರೆ ನೀವು ಹಿಡಿದಿಟ್ಟ ಸಂದೇಶಗಳ ಪಟ್ಟಿಯಲ್ಲಿ, ಇದು 0, 0.5, 1.5, 3.5, 7.5, 15.5, 31.5 ಎಂದು ಕಾಣುತ್ತದೆ. ಒಟ್ಟು ಏಳು ಸಲ. 32ನೇ ಸೆಕೆಂಡಿಗೆ, ಅಂದರೆ ಟಿ1ರ 64 ಪಟ್ಟಿಗೆ, ಕೈಬಿಡುತ್ತದೆ.

ಇನ್ವೈಟ್ ಅಲ್ಲದ ಕೋರಿಕೆಗಳು, ಅಂದರೆ ರಿಜಿಸ್ಟರ್ (ನಾನು ಇಲ್ಲಿದ್ದೇನೆ ಎಂದು ಫೋನು ಸರ್ವರ್‌ಗೆ ಹೇಳುವುದು), ಬೈ, ಆಪ್ಷನ್ಸ್ (ಬದುಕಿದ್ದೀಯಾ ಎಂದು ಕೇಳುವುದು) ಇಂಥವು, ನಾಲ್ಕು ಸೆಕೆಂಡಿನವರೆಗೆ ಮಾತ್ರ ದುಪ್ಪಟ್ಟಾಗುತ್ತವೆ. ಆಮೇಲೆ ನಾಲ್ಕು ಸೆಕೆಂಡಿಗೊಮ್ಮೆ ಬಾಗಿಲು ಬಡಿಯುತ್ತಲೇ ಇರುತ್ತವೆ. ಒಟ್ಟು ಹನ್ನೊಂದು ಸಲ. (ಈ 'ಬೈ' ಬೈಗುಳದ ಬೈ ಅಲ್ಲ, ಫೋನ್ ಇಡುವ ಸಂದೇಶ. ಲಾಗ್ ಓದಿ ಹೇಳುವಾಗ ಪಕ್ಕದಲ್ಲಿದ್ದವರು ನಗುವುದು ಮಾಮೂಲು.)

ಟಿಸಿಪಿ, ಟಿಎಲ್‌ಎಸ್ ಮೇಲೆ ಈ ಮರುಕಳಿಕೆ ಇಲ್ಲ. ಒಂದೇ ಸಲ ಕಳಿಸಿ ಸುಮ್ಮನಾಗುತ್ತದೆ. ಆದರೆ 32 ಸೆಕೆಂಡಿನ ಕಾಯುವಿಕೆ ಅಲ್ಲೂ ಇದೆ. ಹಾಗಾಗಿ ನೀವು ನೋಡಬೇಕಾದ್ದು ಇದು: ಯುಡಿಪಿಯಲ್ಲಿ ಏಳು ಇನ್ವೈಟ್ ಹೋಗಿ ಒಂದಕ್ಕೂ ಉತ್ತರವಿಲ್ಲವೆಂದರೆ ದಾರಿಯೇ ಮುಚ್ಚಿದೆ. ಎರಡು ಮೂರು ಹೋಗಿ ಉತ್ತರ ಬಂದರೆ ದಾರಿ ಇದೆ, ಸೋರುತ್ತಿದೆ. ಟಿಸಿಪಿಯಲ್ಲೂ ಒಂದೇ ಇನ್ವೈಟ್ ಪದೇ ಪದೇ ಕಂಡರೆ ಆ ಕಡೆಯ ಪ್ರೋಗ್ರಾಂ ನಿಯಮ ಮೀರುತ್ತಿದೆ, ಅಥವಾ ನೀವು ನೋಡುತ್ತಿರುವುದು ಟಿಸಿಪಿಯದೇ ಮರುಕಳಿಕೆ. ವೈರ್‌ಶಾರ್ಕ್ ಎರಡನ್ನೂ ಬೇರೆ ಬೇರೆಯಾಗಿ ತೋರಿಸುತ್ತದೆ.

ಇದೇ ಗಡಿಯಾರದ ಸುಳಿವು ಬೇರೆ ಕಡೆಯೂ ಕೆಲಸಕ್ಕೆ ಬರುತ್ತದೆ. ಕರೆ 15 ನಿಮಿಷಕ್ಕೆ ಕಟ್ ಆಗುತ್ತಿದ್ದರೆ ಸೆಷನ್ ಟೈಮರ್ ಮೇಲೆ ಕಣ್ಣಿಡಿ. ಸಾಮಾನ್ಯ ಸೆಟ್ಟಿಂಗ್ 1800 ಸೆಕೆಂಡು, ಅದರ ಅರ್ಧಕ್ಕೆ "ಇನ್ನೂ ಇದ್ದೀಯಾ" ಎಂದು ಕೇಳುವ ಸಂದೇಶ ಹೋಗುತ್ತದೆ. ಆ ಸಂದೇಶ ಹೋದದ್ದೇ ಕಟ್ ಆಯಿತು ಎಂದರೆ ಅದಕ್ಕೆ ಉತ್ತರ ಸಿಗಲಿಲ್ಲ. 29 ನಿಮಿಷ 28 ಸೆಕೆಂಡಿಗೆ ಕಟ್ ಆದರೆ ಕೇಳುವವರು ಕೇಳಲೇ ಇಲ್ಲ, ಕಾಯುತ್ತಿದ್ದವರು ಅವಧಿ ಮುಗಿಯಲು 32 ಸೆಕೆಂಡು ಇರುವಾಗ ಬೈ ಕಳಿಸಿದ್ದಾರೆ.

ಮೂರನೆಯದು: 200 ಓಕೆ ಮತ್ತು ಆಕ್

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ತೊಂದರೆಗಳಲ್ಲಿ ಬಹುಪಾಲು ಇಲ್ಲೇ ಇವೆ.

ನೀವು ರಿಸೀವರ್ ಎತ್ತಿದ ಕೂಡಲೇ ನಿಮ್ಮ ಫೋನು 200 ಓಕೆ (ಎತ್ತಿದರು ಎಂಬ ಉತ್ತರ) ಕಳಿಸುತ್ತದೆ. ಕರೆ ಮಾಡಿದವರ ಕಡೆಯಿಂದ ಅದಕ್ಕೆ ಆಕ್ (ಉತ್ತರ ಸಿಕ್ಕಿತು ಎಂಬ ಸಂದೇಶ) ಬರಬೇಕು. ಸಿಪ್‌ನಲ್ಲಿ ಹೀಗೆ ಕೋರಿಕೆ, ಉತ್ತರ, ಆಕ್ ಎಂಬ ಮೂರು ಹಂತದ ಕೈಕುಲುಕು ಇರುವುದು ಇನ್ವೈಟ್‌ಗೆ ಮಾತ್ರ. ಎತ್ತುವುದಕ್ಕೆ ಮನುಷ್ಯ ಎಷ್ಟು ಹೊತ್ತು ಬೇಕಾದರೂ ತೆಗೆದುಕೊಳ್ಳಬಹುದು ಎಂಬುದೇ ಇದಕ್ಕೆ ಕಾರಣ.

ಕರೆ ಕೈಗೂಡದಿದ್ದರೆ, ಉದಾಹರಣೆಗೆ 486 ಬಿಜಿ ಬಂದರೆ, ಆಕ್ ಹಾಪ್‌ನಿಂದ ಹಾಪ್‌ಗೆ ಮಾತ್ರ. ಪಕ್ಕದಲ್ಲಿರುವ ಪ್ರಾಕ್ಸಿಯೇ ಆಕ್ ಕೊಟ್ಟು ಮುಗಿಸುತ್ತದೆ. ಅದರ ಬ್ರಾಂಚ್ ಇನ್ವೈಟ್‌ನದೇ ಆಗಿರುತ್ತದೆ. ಇದರಲ್ಲಿ ತೊಂದರೆ ಬರುವುದು ಅಪರೂಪ.

200 ಓಕೆಗೆ ಹೋಗುವ ಆಕ್ ಹಾಗಲ್ಲ. ಅದು ತುದಿಯಿಂದ ತುದಿಗೆ ಹೋಗಬೇಕು. ಹೊಸ ಬ್ರಾಂಚ್, ಹೊಸ ದಾರಿ. ಆ ದಾರಿ ಸಿಗುವುದು ಎರಡು ಕಡೆಯಿಂದ: ನಡುವಿನ ಪ್ರಾಕ್ಸಿಗಳು ಬರೆದಿಟ್ಟ ರೆಕಾರ್ಡ್-ರೂಟ್ ಸಾಲುಗಳು, ಮತ್ತು 200 ಓಕೆ ಒಳಗಿನ ಕಾಂಟ್ಯಾಕ್ಟ್ ವಿಳಾಸ. ಇನ್ವೈಟ್ ಬಂದ ದಾರಿಯಲ್ಲೇ ಆಕ್ ಬರುತ್ತದೆ ಎಂದುಕೊಳ್ಳುವುದು ದೊಡ್ಡ ತಪ್ಪು.

ಆಕ್ ಬರುವವರೆಗೆ ಫೋನು 200 ಓಕೆಯನ್ನು ಮತ್ತೆ ಮತ್ತೆ ಕಳಿಸುತ್ತದೆ, ಅರ್ಧ ಸೆಕೆಂಡಿನಿಂದ ಶುರುವಾಗಿ ನಾಲ್ಕು ಸೆಕೆಂಡಿನವರೆಗೆ. ಇದು ಟಿಸಿಪಿ ಮೇಲೂ ನಡೆಯುತ್ತದೆ. ತನ್ನ ಹಾಪ್ ಟಿಸಿಪಿ ಆದರೇನಂತೆ, ನಡುವೆ ಎಲ್ಲೋ ಒಂದು ಯುಡಿಪಿ ಹಾಪ್ ಇರಬಹುದು, ಅಲ್ಲಿ ಕಳೆದರೆ ಪ್ರಾಕ್ಸಿ ಮತ್ತೆ ಕಳಿಸುವುದಿಲ್ಲ. ನಿಯಮ ಬರೆದವರು ಇದನ್ನು ಯೋಚಿಸಿಯೇ ಜವಾಬ್ದಾರಿಯನ್ನು ತುದಿಯವರಿಗೆ ಕೊಟ್ಟಿದ್ದಾರೆ. 32 ಸೆಕೆಂಡು ಆದರೂ ಆಕ್ ಬರದಿದ್ದರೆ ಫೋನು ಬೈ ಕಳಿಸಿ ಕರೆ ಮುಗಿಸುತ್ತದೆ.

ಟ್ರಾವೆಲ್ಸ್ ಆಫೀಸಿನ ಕ್ಯಾಪ್ಚರ್‌ನಲ್ಲಿ ಕಂಡದ್ದು ಇದೇ. ಫೋನಿನಿಂದ 200 ಓಕೆ, 200 ಓಕೆ, 200 ಓಕೆ. ಕೊನೆಗೆ ಬೈ, ಅದೂ ಫೋನಿನಿಂದಲೇ. ಸರ್ವರ್ ಕಡೆ ನೋಡಿದರೆ ಆಕ್ ಪ್ರತಿ ಸಲವೂ ಹೋಗಿದೆ! ಎಲ್ಲಿಗೆ? 192.168 ಎಂದು ಶುರುವಾಗುವ, ಆಫೀಸಿನ ಒಳಗೆ ಮಾತ್ರ ನಡೆಯುವ ಒಳವಿಳಾಸಕ್ಕೆ, ಯುಡಿಪಿಯಲ್ಲಿ.

200 ಓಕೆಯ ಕಾಂಟ್ಯಾಕ್ಟ್ ಸಾಲು ತೆರೆದು ನೋಡಿದೆ. ಫೋನು ತನ್ನ ಒಳವಿಳಾಸವನ್ನೇ ಬರೆದಿತ್ತು. ಜೊತೆಗೆ ಟ್ರಾನ್ಸ್‌ಪೋರ್ಟ್ ಟಿಸಿಪಿ ಎಂಬ ಪದವನ್ನೇ ಹಾಕಿರಲಿಲ್ಲ. ಬರೀ ಐಪಿ ವಿಳಾಸವಿದ್ದು ಟ್ರಾನ್ಸ್‌ಪೋರ್ಟ್ ಹೇಳದ ಸಿಪ್ ವಿಳಾಸ ಸಿಕ್ಕರೆ ಯುಡಿಪಿ ಎಂದೇ ತಿಳಿಯಬೇಕು, ನಿಯಮ ಹಾಗಿದೆ. ಸರ್ವರ್ ತಪ್ಪೇನೂ ಮಾಡಿರಲಿಲ್ಲ. ಕೊಟ್ಟ ವಿಳಾಸಕ್ಕೆ ಕಾಗದ ಹಾಕಿತ್ತು, ವಿಳಾಸವೇ ತಪ್ಪು. ಹೊರಗೆ ಹೋಗುವ ಕರೆ ಯಾಕೆ ಸರಿಯಿತ್ತು? ಅಲ್ಲಿ ಆಕ್ ಕಳಿಸುವುದು ಫೋನು, ಅದಕ್ಕೆ ಸರ್ವರ್‌ನ ಸರಿಯಾದ ಹೊರವಿಳಾಸ ಗೊತ್ತಿತ್ತು.

ಪರಿಹಾರ ಎರಡು ಕಡೆ. ಫೋನಿನಲ್ಲಿ ಕಾಂಟ್ಯಾಕ್ಟ್‌ಗೆ ಟ್ರಾನ್ಸ್‌ಪೋರ್ಟ್ ಸೇರುವಂತೆ ಮಾಡುವುದು. ಸರ್ವರ್‌ನಲ್ಲಿ, ಆಸ್ಟರಿಸ್ಕ್‌ನ ಪಿಜೆಸಿಪ್ (ಸಿಪ್ ನೋಡಿಕೊಳ್ಳುವ ಭಾಗ) ಆದರೆ, ರೀರೈಟ್ ಕಾಂಟ್ಯಾಕ್ಟ್ ಎಂಬ ಆಯ್ಕೆಯನ್ನು ಆನ್ ಮಾಡುವುದು. ಆಗ ಫೋನು ಬರೆದುಕೊಟ್ಟ ವಿಳಾಸ ಬಿಟ್ಟು, ಸಂದೇಶ ನಿಜವಾಗಿ ಯಾವ ವಿಳಾಸದಿಂದ ಬಂತೋ ಅಲ್ಲಿಗೆ, ಅದೇ ಸಂಪರ್ಕದಲ್ಲಿ ಸರ್ವರ್ ಮಾತಾಡುತ್ತದೆ. ಯುಡಿಪಿ ಫೋನುಗಳಿಗೆ ಆರ್‌ಪೋರ್ಟ್ ಕೂಡ ಆನ್ ಇರಲಿ. ಇದು ಉತ್ತರಗಳನ್ನು ಬಂದ ಪೋರ್ಟ್‌ಗೇ ವಾಪಸ್ ಕಳಿಸುತ್ತದೆ. ಇನ್ನೊಂದು ಮಾತು: ರೂಟರ್‌ನಲ್ಲಿ ಸಿಪ್ ಎಎಲ್‌ಜಿ ಎಂಬುದು ಇದ್ದರೆ ಆಫ್ ಮಾಡಿ. ಸಹಾಯ ಮಾಡುತ್ತೇನೆ ಎಂದು ಬಂದು ಸಂದೇಶದೊಳಗಿನ ವಿಳಾಸಗಳನ್ನು ಅರ್ಧಂಬರ್ಧ ತಿದ್ದಿ ಇಡುತ್ತದೆ. ಅದರಿಂದ ಉಪಕಾರ ಆದದ್ದನ್ನು ನಾನಂತೂ ಕಂಡಿಲ್ಲ.

ನಾಲ್ಕನೆಯದು: ಸಾಗಣೆ ಬದಲಾಗುವ ಜಾಗ ನೋಡಿ

ಬ್ರೌಸರ್‌ನಿಂದ ಕರೆ ಮಾಡುವ ವ್ಯವಸ್ಥೆಯಲ್ಲಿ ಒಂದು ಕಡೆ ವೆಬ್‌ಸಾಕೆಟ್ (ಬ್ರೌಸರ್ ಸರ್ವರ್‌ಗೆ ತೆರೆದಿಟ್ಟುಕೊಳ್ಳುವ ಸಂಪರ್ಕ), ಇನ್ನೊಂದು ಕಡೆ ಯುಡಿಪಿ. ಸಿಪ್ಪನ್ನು ವೆಬ್‌ಸಾಕೆಟ್ ಮೇಲೆ ಓಡಿಸುವ ನಿಯಮ 2014ರಲ್ಲಿ ಬಂತು, ಆರ್‌ಎಫ್‌ಸಿ 7118. ಬ್ರೌಸರ್ ಯಾರಿಗೂ ಬಾಗಿಲು ತೆರೆದು ಕೂರುವುದಿಲ್ಲ. ಅದಕ್ಕೆ ಸ್ವಂತ ವಿಳಾಸವೇ ಇಲ್ಲ. ಹಾಗಾಗಿ ವಯಾದಲ್ಲಿ ಡಾಟ್ ಇನ್‌ವ್ಯಾಲಿಡ್ ಎಂದು ಮುಗಿಯುವ ಸುಳ್ಳು ಹೆಸರು ಇರುತ್ತದೆ. ಅದನ್ನು ಕಂಡು ಗಾಬರಿಯಾಗಬೇಡಿ, ಬೇಕೆಂದೇ ಹಾಗೆ ಹಾಕುತ್ತಾರೆ. ಬ್ರೌಸರ್ ತಾನೇ ತೆರೆದ ಸಂಪರ್ಕದಲ್ಲೇ ಎಲ್ಲವೂ ಹಿಂದಿರುಗಬೇಕು.

ಇಲ್ಲಿ ನಡುವಿನ ಪ್ರಾಕ್ಸಿಯ ಮೇಲೆ ಜಾಸ್ತಿ ಭಾರ. ಕಮೈಲಿಯೋ ಅಥವಾ ಓಪನ್‌ಸಿಪ್ಸ್ ಎಂಬ ಪ್ರಾಕ್ಸಿ ಪ್ರೋಗ್ರಾಂ ಬಳಸುತ್ತಿದ್ದರೆ ಅದು ಎರಡು ರೆಕಾರ್ಡ್-ರೂಟ್ ಸಾಲು ಹಾಕುತ್ತಿದೆಯೇ ನೋಡಿ: ಒಂದರಲ್ಲಿ ವೆಬ್‌ಸಾಕೆಟ್ ಕಡೆಯ ವಿಳಾಸ, ಇನ್ನೊಂದರಲ್ಲಿ ಯುಡಿಪಿ ಕಡೆಯದು. ಒಂದೇ ಇದ್ದರೆ ಯುಡಿಪಿ ಕಡೆಯ ಫೋನು ಆಕ್ ಕಳಿಸಲು ವೆಬ್‌ಸಾಕೆಟ್ ವಿಳಾಸ ಹಿಡಿದು ತಬ್ಬಿಬ್ಬಾಗುತ್ತದೆ. ಈ ಎರಡು ಸಾಲಿನ ಪದ್ಧತಿಯನ್ನು 2009ರ ಆರ್‌ಎಫ್‌ಸಿ 5658 ವಿವರಿಸುತ್ತದೆ. ಮತ್ತೆ 32 ಸೆಕೆಂಡಿನ ರೋಗ ಕಂಡರೆ ಮೊದಲು ಇದನ್ನೇ ಎಣಿಸಿ.

ಐದನೆಯದು: ಸಂದೇಶದ ಗಾತ್ರ ಅಳೆಯಿರಿ

ರಿಜಿಸ್ಟರ್ ಆಗುತ್ತದೆ, ಆಪ್ಷನ್ಸ್‌ಗೆ ಉತ್ತರ ಬರುತ್ತದೆ, ಇನ್ವೈಟ್ ಮಾತ್ರ ಹೋಗುವುದಿಲ್ಲ. ಅಥವಾ ಮಾಮೂಲಿ ಕರೆ ಹೋಗುತ್ತದೆ, ವಿಡಿಯೋ ಕರೆ ಹೋಗುವುದಿಲ್ಲ. ಹೀಗಿದ್ದರೆ ಗಾತ್ರದ ತೊಂದರೆ.

ಈಥರ್‌ನೆಟ್‌ನಲ್ಲಿ ಒಂದು ಪ್ಯಾಕೆಟ್ 1500 ಬೈಟ್. ಯುಡಿಪಿ ಸಂದೇಶ ಅದಕ್ಕಿಂತ ದೊಡ್ಡದಾದರೆ ತುಂಡಾಗುತ್ತದೆ. ಎರಡನೇ ತುಂಡಿನಲ್ಲಿ ಪೋರ್ಟ್ ನಂಬರ್ ಇರುವುದಿಲ್ಲ. ಕೆಲವು ಫೈರ್‌ವಾಲ್‌ಗಳು ಅದನ್ನು ಅಲ್ಲೇ ಬಿಸಾಡುತ್ತವೆ. ಏಳು ಸಲ ಕಳಿಸಿದರೂ ಏಳು ಸಲವೂ ಅದೇ ಗತಿ. ಯುಡಿಪಿಯ ಮರುಕಳಿಕೆ ಆಕಸ್ಮಿಕವಾಗಿ ಕಳೆದದ್ದಕ್ಕೆ ಮದ್ದು, ಪ್ರತಿ ಸಲವೂ ಕಳೆಯುವುದಕ್ಕಲ್ಲ.

ನಿಯಮ ಏನನ್ನುತ್ತದೆ ಎಂದರೆ, ದಾರಿಯ ಪ್ಯಾಕೆಟ್ ಮಿತಿಗೆ 200 ಬೈಟ್ ಹತ್ತಿರ ಬಂದರೆ, ಅಥವಾ ಮಿತಿ ಗೊತ್ತಿಲ್ಲದೆ ಸಂದೇಶ 1300 ಬೈಟ್ ಮೀರಿದರೆ, ಟಿಸಿಪಿಯಂಥ ಸಾಗಣೆಗೆ ಹೋಗಬೇಕು. ಆ 200 ಬೈಟ್ ಯಾಕೆಂದರೆ ಉತ್ತರ ಕೋರಿಕೆಗಿಂತ ದಪ್ಪವಾಗಬಹುದು, ಬಂದ ಸಾಗಣೆಯಲ್ಲೇ ವಾಪಸ್ ಹೋಗಲೂ ಬೇಕು. ಆದರೆ ಈ ನಿಯಮವನ್ನು ಎಲ್ಲರೂ ಪಾಲಿಸುವುದಿಲ್ಲ. ಪಿಜೆಸಿಪ್‌ನಲ್ಲಿ ಇದನ್ನು ನಿಲ್ಲಿಸುವ ಆಯ್ಕೆಯೇ ಇದೆ. ಆ ಕಡೆಯವರು ಟಿಸಿಪಿ ತೆರೆದೇ ಇಲ್ಲದಿದ್ದರೆ ಅದು ಬೇಕೂ ಬೇಕು.

ನನ್ನ ಅಭ್ಯಾಸ: ಮೊದಲು ಇನ್ವೈಟ್ ಒಳಗಿನ ಕೋಡೆಕ್ (ದನಿಯನ್ನು ಅಂಕಿಗಳಾಗಿಸುವ ಬಗೆ) ಪಟ್ಟಿ ಕತ್ತರಿಸುತ್ತೇನೆ. ಯಾರೂ ಬಳಸದ ಎಂಟು ಕೋಡೆಕ್ ಹೊತ್ತು ತಿರುಗುವ ಫೋನುಗಳೇ ಹೆಚ್ಚು. ಎರಡೋ ಮೂರೋ ಇಟ್ಟರೆ ಸಾಕು. ಅದರಲ್ಲೂ ಇಳಿಯದಿದ್ದರೆ ಮಾತ್ರ ಟಿಸಿಪಿ.

ಆರನೆಯದು: ಟಿಸಿಪಿ ಸಂಪರ್ಕ ಬದುಕಿದೆಯೇ?

ಟಿಸಿಪಿಯ ತೊಂದರೆ ಸದ್ದಿಲ್ಲದೆ ಬರುತ್ತದೆ. ರೂಟರ್ ರೀಸ್ಟಾರ್ಟ್ ಆಗಿದೆ ಎಂದುಕೊಳ್ಳಿ. ಫೋನು ಸಂಪರ್ಕ ಇದೆ ಎಂದೇ ನಂಬಿದೆ, ಸರ್ವರ್ರೂ ನಂಬಿದೆ. ನಡುವಿನ ರೂಟರ್ ಮಾತ್ರ ಎಲ್ಲ ಮರೆತಿದೆ. ಸರ್ವರ್ ಇನ್ವೈಟ್ ಬರೆಯುತ್ತದೆ. ಲಿನಕ್ಸ್ ಅದನ್ನು ಒಪ್ಪಿಕೊಂಡು ತಾನೇ ಮತ್ತೆ ಮತ್ತೆ ಕಳಿಸುತ್ತಾ ಕೂರುತ್ತದೆ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಅದು ಸೋಲೊಪ್ಪಿಕೊಳ್ಳಲು 15 ನಿಮಿಷದ ಮೇಲಾಗುತ್ತದೆ. ಅಷ್ಟರೊಳಗೆ ಸಿಪ್‌ನ 32 ಸೆಕೆಂಡು ಯಾವಾಗಲೋ ಮುಗಿದಿರುತ್ತದೆ. ಗಿರಾಕಿ ಇನ್ನೊಂದು ಟ್ರಾವೆಲ್ಸ್‌ಗೆ ಫೋನ್ ಮಾಡಿರುತ್ತಾನೆ.

ಸಂಪರ್ಕ ಬದುಕಿದೆಯೇ ಎಂದು ನೋಡುವ ಲಿನಕ್ಸ್‌ನ ಟಿಸಿಪಿ ಕೀಪ್‌ಅಲೈವ್ ಇದೆಯಲ್ಲ ಎಂದರೆ, ಅದರ ಮಾಮೂಲಿ ಅವಧಿ ಎರಡು ಗಂಟೆ. ಇಲ್ಲಿ ಕೆಲಸಕ್ಕೆ ಬಾರದು. 2009ರ ಆರ್‌ಎಫ್‌ಸಿ 5626 ಒಂದು ಸರಳ ಉಪಾಯ ಹೇಳಿದೆ: ಫೋನು ಎರಡು ಖಾಲಿ ಸಾಲು ಕಳಿಸುವುದು, ಸರ್ವರ್ ಒಂದು ಖಾಲಿ ಸಾಲು ವಾಪಸ್ ಕೊಡುವುದು. ಹತ್ತು ಸೆಕೆಂಡಿನಲ್ಲಿ ಬರದಿದ್ದರೆ ಸಂಪರ್ಕ ಸತ್ತಿದೆ, ಹೊಸದು ತೆರೆದು ಮತ್ತೆ ರಿಜಿಸ್ಟರ್ ಮಾಡು ಎಂದರ್ಥ. ಟಿಸಿಪಿಗೆ ಇದನ್ನು 95ರಿಂದ 120 ಸೆಕೆಂಡಿಗೊಮ್ಮೆ ಮಾಡಿದರೆ ಸಾಕು. ಯುಡಿಪಿಯಲ್ಲಿ ರೂಟರ್‌ಗಳು ಬೇಗ ಮರೆಯುತ್ತವೆ. ಅಲ್ಲಿ 24ರಿಂದ 29 ಸೆಕೆಂಡಿಗೊಮ್ಮೆ ಸ್ಟನ್ ಎಂಬ ಪುಟ್ಟ ಸಂದೇಶ ಕಳಿಸಬೇಕು. ನಿಮ್ಮ ಫೋನಿನಲ್ಲಿ ಈ ಸೌಲಭ್ಯ ಇಲ್ಲದಿದ್ದರೆ ಸರ್ವರ್‌ನಿಂದಲೇ ಆಪ್ಷನ್ಸ್ ಕಳಿಸುವಂತೆ ಇಡಿ. ಬೆಳಿಗ್ಗೆ ಹೊತ್ತು ಮೊದಲ ಒಳಕರೆ ಬರುವುದಿಲ್ಲ, ಒಂದು ಸಲ ಹೊರಗೆ ಮಾಡಿದ ಮೇಲೆ ಸರಿಹೋಗುತ್ತದೆ ಎಂಬ ದೂರು ಬಂದರೆ ಇದೇ ಎಂದು ನೋಡದೆಯೂ ಹೇಳಬಹುದು.

ಇನ್ನೊಂದು ಸೂಕ್ಷ್ಮ ಇದೆ. ಟಿಸಿಪಿ "ತಲುಪಿತು" ಎಂದರೆ ಆ ಕಡೆಯ ಯಂತ್ರದ ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ) ತಲುಪಿತು ಎಂದಷ್ಟೇ. ಸಿಪ್ ಪ್ರೋಗ್ರಾಂ ಅದನ್ನು ಓದುವ ಮೊದಲೇ ಬಿದ್ದುಹೋಗಿದ್ದರೆ ಸಂದೇಶ ಕಳೆದ ಹಾಗೆಯೇ, ಟಿಸಿಪಿಗೆ ಅದು ಗೊತ್ತೂ ಆಗುವುದಿಲ್ಲ. ಅದಕ್ಕೇ ಸಿಪ್‌ನ ಸ್ವಂತ ಉತ್ತರವನ್ನೇ ನಂಬಬೇಕು.

ಏಳನೆಯದು: ಯಾರೂ ಮತ್ತೆ ಹೇಳದ ಸಂದೇಶ

ಕರೆ ಮಾಡಿದವರಿಗೆ ರಿಂಗ್ ಸದ್ದೇ ಕೇಳದೆ ಮೌನ, ಆಮೇಲೆ ಇದ್ದಕ್ಕಿದ್ದಂತೆ "ಹಲೋ". ಕೇಳಿದ್ದೀರಿ ಅಲ್ವಾ? 180 ರಿಂಗಿಂಗ್ ಕಳೆದುಹೋದಾಗ ಹೀಗಾಗುತ್ತದೆ.

ನಡೆಯುವುದು ಹೀಗೆ. ಇನ್ವೈಟ್ ಬಂದ ಕೂಡಲೇ ಪ್ರಾಕ್ಸಿ 100 ಟ್ರೈಯಿಂಗ್ ಕಳಿಸುತ್ತದೆ. ಅದು ಸಿಕ್ಕಿದ್ದೇ ಕರೆ ಮಾಡಿದ ಫೋನು ಇನ್ವೈಟ್ ಮರುಕಳಿಸುವುದನ್ನು ನಿಲ್ಲಿಸುತ್ತದೆ. ಆಮೇಲೆ 180 ಬಂದು ಯುಡಿಪಿಯಲ್ಲಿ ಕಳೆದರೆ ಅದನ್ನು ಮತ್ತೆ ಕಳಿಸಬೇಕೆಂಬ ಕಟ್ಟುಪಾಡು ಯಾರಿಗೂ ಇಲ್ಲ. ಬಾಯಲ್ಲಿ ಹೇಳಿದರೆ ಇದು ಸಣ್ಣದು ಅನ್ನಿಸುತ್ತದೆ. ಲೆಕ್ಕ ಹಾಕಿ: ದಾರಿಯಲ್ಲಿ ಐದಕ್ಕೆ ಒಂದು ಪ್ಯಾಕೆಟ್ ಕಳೆಯುತ್ತಿದೆ ಎಂದರೆ, ಏಳು ಇನ್ವೈಟೂ ಕಳೆಯುವ ಸಾಧ್ಯತೆ 78,125ಕ್ಕೆ ಒಂದು. 180 ಕಳೆಯುವ ಸಾಧ್ಯತೆ ಐದಕ್ಕೆ ಒಂದು.

ಇದಕ್ಕೆ ಮದ್ದು ಪ್ರಾಕ್ (ರಿಂಗಿಂಗ್‌ನಂಥ ನಡುವಿನ ಉತ್ತರ ಸಿಕ್ಕಿತು ಎಂಬ ಸಂದೇಶ), 2002ರ ಆರ್‌ಎಫ್‌ಸಿ 3262. ರಿಂಗ್ ಆಗುವ ಫೋನು 180 ಅಥವಾ 183ಕ್ಕೆ (ಕರೆ ಮುಂದುವರಿಯುತ್ತಿದೆ ಎಂಬ ಉತ್ತರ) ಒಂದು ಕ್ರಮಸಂಖ್ಯೆ ಹಾಕಿ ಕಳಿಸುತ್ತದೆ, ಪ್ರಾಕ್ ಬರುವವರೆಗೆ ಮರುಕಳಿಸುತ್ತದೆ. 32 ಸೆಕೆಂಡು ಬರದಿದ್ದರೆ ಕರೆಯನ್ನೇ ತಿರಸ್ಕರಿಸುತ್ತದೆ. ವೋಲ್ಟೆ ಜಾಲಗಳಲ್ಲಿ ಇದನ್ನು ಚೆನ್ನಾಗಿ ಬಳಸುತ್ತಾರೆ. ಆಫೀಸ್ ಫೋನಿನಲ್ಲಿ ಆನ್ ಮಾಡುವ ಮುಂಚೆ ಎರಡೂ ಕಡೆಯವರು 100ರೆಲ್ (ಈ ಪ್ರಾಕ್ ಸೌಲಭ್ಯದ ಹೆಸರು) ಬೆಂಬಲಿಸುತ್ತೇವೆ ಎಂದು ಬರೆಯುತ್ತಿದ್ದಾರೆಯೇ ನೋಡಿ. ಸಪೋರ್ಟೆಡ್ ಎಂದು ಹಾಕಿ, ರಿಕ್ವೈರ್ ಎಂದು ಒತ್ತಾಯ ಮಾಡಬೇಡಿ. ಮಾಡಿದರೆ ಗೊತ್ತಿಲ್ಲದ ಫೋನು 420 ಕೊಟ್ಟು ಕರೆಯನ್ನೇ ಬೇಡ ಎನ್ನುತ್ತದೆ.

ಎಂಟನೆಯದು: ನೀವೇ ಕೆಡಿಸಿ ನೋಡಿ

ಗಿರಾಕಿಗಳ ಮೇಲೆ ಪರೀಕ್ಷೆ ಬೇಡ. ಒಂದು ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಸಿಪ್‌ಪಿ ಹಾಕಿಕೊಂಡು ಕರೆ ಹುಟ್ಟಿಸಿ. ಟಿಸಿ ಕಮಾಂಡಿನ ನೆಟೆಮ್‌ನಲ್ಲಿ (ಜಾಲವನ್ನು ಬೇಕೆಂದೇ ಕೆಡಿಸುವ ಸಾಧನ) 20 ಶೇಕಡಾ ನಷ್ಟ ಇಡಿ. ಅದು ಹೊರಗೆ ಹೋಗುವ ಪ್ಯಾಕೆಟ್‌ಗೆ ಮಾತ್ರ ಅನ್ವಯಿಸುತ್ತದೆ, ಎರಡೂ ದಿಕ್ಕಿನಲ್ಲಿ ಬೇಕಿದ್ದರೆ ಎರಡೂ ಯಂತ್ರದಲ್ಲಿ ಹಾಕಬೇಕು. ಯುಡಿಪಿಯಲ್ಲಿ ನೂರು ಕರೆ, ಟಿಸಿಪಿಯಲ್ಲಿ ನೂರು ಕರೆ ಮಾಡಿ ಪಕ್ಕ ಪಕ್ಕ ಇಟ್ಟು ನೋಡಿ. ಟಿಸಿಪಿ ಯಾವಾಗಲೂ ಬೇಗ ಎಂಬ ನಂಬಿಕೆ ಇದ್ದರೆ ಅಲುಗಾಡುತ್ತದೆ: ಒಂದೇ ಸಂಪರ್ಕದಲ್ಲಿ ಸಾಲಾಗಿ ನಿಂತ ಕರೆಗಳಲ್ಲಿ ಮುಂದಿನದು ಸಿಕ್ಕಿಕೊಂಡರೆ ಹಿಂದಿನವೆಲ್ಲ ಕಾಯಬೇಕು. ಪರೀಕ್ಷೆ ಮುಗಿದ ಮೇಲೆ ನೆಟೆಮ್ ತೆಗೆಯಲು ಮರೆಯಬೇಡಿ. ನಾನು ಮರೆತು ಎರಡು ದಿನ "ವೈಫೈ ಯಾಕೋ ನಿಧಾನ" ಎಂದು ಗೊಣಗಿದ್ದೇನೆ.

ಎರಡನೇ ಸರ್ವರ್‌ಗೆ ಹೊರಳುವುದನ್ನೂ ಇಲ್ಲೇ ಪರೀಕ್ಷಿಸಿ. ಮೊದಲ ಸರ್ವರ್ ಆಫ್ ಮಾಡಿ ಕರೆ ಮಾಡಿ. ಸರಿಯಾಗಿ 32 ಸೆಕೆಂಡು ಕಾದು ಆಮೇಲೆ ಎರಡನೆಯದಕ್ಕೆ ಹೋದರೆ ನಿಯಮದ ಪ್ರಕಾರ ತಪ್ಪಿಲ್ಲ, ಆದರೆ ಅಷ್ಟು ಹೊತ್ತು ಯಾರು ಕಾಯುತ್ತಾರೆ? ಆಪ್ಷನ್ಸ್ ಕಳಿಸಿ ಸತ್ತ ಸರ್ವರನ್ನು ಮೊದಲೇ ಪಟ್ಟಿಯಿಂದ ಹೊರಗಿಡಿ. ಬರೀ ಕಾಯುವ ಸಮಯ ಇಳಿಸಿದರೆ ಇನ್ನೊಂದು ಪೇಚು: ನಿಧಾನವಾಗಿದ್ದ ಮೊದಲ ಸರ್ವರ್ರೂ, ಎರಡನೆಯದೂ ಅದೇ ಫೋನಿಗೆ ಇನ್ವೈಟ್ ಒಯ್ಯಬಹುದು. ಒಳ್ಳೆಯ ಫೋನು ಎರಡನೆಯದಕ್ಕೆ 482 (ಇದು ಆಗಲೇ ಬಂದಿದೆ) ಹೇಳಿ ಸುಮ್ಮನಾಗುತ್ತದೆ. ಕೆಲವು ಎರಡು ಲೈನ್ ರಿಂಗ್ ಮಾಡುತ್ತವೆ.

ಟ್ರಾವೆಲ್ಸ್ ಆಫೀಸಿನಲ್ಲಿ ಒಂದು ಸೆಟ್ಟಿಂಗ್ ಬದಲಾಯಿಸಿ ಆರೂ ಫೋನು ಮತ್ತೆ ರಿಜಿಸ್ಟರ್ ಮಾಡಿಸಿದೆವು. ಸ್ಟಾಪ್‌ವಾಚ್ 32 ದಾಟಿತು, 40 ದಾಟಿತು. ಸಾಲದು ಎಂದು ನನ್ನ ಮೊಬೈಲ್‌ನಿಂದ ಒಂದು ಕರೆ ಮಾಡಿ, ಅವರ ರಿಸೀವರನ್ನು ಎಫ್‌ಎಂ ರೇಡಿಯೋ ಪಕ್ಕದಲ್ಲಿ ಮಲಗಿಸಿ ಚಹಾಕ್ಕೆ ಹೋದೆವು. ವಾಪಸ್ ಬಂದಾಗ 35 ನಿಮಿಷವಾಗಿತ್ತು, ನನ್ನ ಕಿಸೆಯಲ್ಲಿ ಇನ್ನೂ ರೇಡಿಯೋ ಹಾಡುತ್ತಿತ್ತು.